ಬ್ರಾಂಚ್ ನೋಡಬೇಕಾ, ಕಾಲೇಜು ನೋಡಬೇಕಾ?

ಸಿಇಟಿ ರ‍್ಯಾಂಕ್ ಬಂದ ವಾರದಿಂದ ಈ ಅಂಕಣಕ್ಕೆ ಎಂಜಿನಿಯರಿಂಗ್ ಸೀಟಿನ ಪ್ರಶ್ನೆಗಳೇ ಬರುತ್ತಿವೆ. ನಾನು ಎಲೆಕ್ಟ್ರಾನಿಕ್ಸ್ ಮೇಷ್ಟ್ರಾಗಿದ್ದವನು. ನಿವೃತ್ತಿಯಾದ ಮೇಲೂ ಈ ದಿನಗಳಲ್ಲಿ ನೆಂಟರು, ನೆರೆಯವರು, ಹಳೇ ವಿದ್ಯಾರ್ಥಿಗಳು ಮಕ್ಕಳನ್ನು ಕರೆದುಕೊಂಡು ಆಪ್ಷನ್ ಪಟ್ಟಿ (ಬೇಕಾದ ಕಾಲೇಜು-ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಬರೆದ ಪಟ್ಟಿ) ಹಿಡಿದು ಮನೆಗೆ ಬರುತ್ತಾರೆ. ಈ ಸಲ ಮೊದಲ ಪತ್ರಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ. ಅದರಲ್ಲಿರುವ ಗೊಂದಲ ಬಹಳ ಮನೆಗಳದ್ದು.

ಪ್ರಶ್ನೆ: ಸರ್, ನಮಸ್ಕಾರ. ಮಗಳಿಗೆ ಸಿಇಟಿಯಲ್ಲಿ 40 ಸಾವಿರದ ಆಸುಪಾಸು ರ‍್ಯಾಂಕ್ ಬಂದಿದೆ. ಹತ್ತನೇ ತರಗತಿವರೆಗೂ ನಮ್ಮ ಹಳ್ಳಿಯಲ್ಲೇ ಓದಿದ್ದಾಳೆ. ಹೋದ ವರ್ಷದ ಕಟಾಫ್ ನೋಡಿದರೆ ಬೆಂಗಳೂರಿನ ಹೊರವಲಯದ ಹೊಸ ಕಾಲೇಜೊಂದರಲ್ಲಿ ಎಐ-ಎಂಎಲ್ (ಕೃತಕ ಬುದ್ಧಿಮತ್ತೆ, ಮಷಿನ್ ಲರ್ನಿಂಗ್) ಸಿಗಬಹುದು. ದಾವಣಗೆರೆಯ ಹಳೇ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಗಬಹುದು. ಅವಳಿಗೆ ಫಿಸಿಕ್ಸ್ ಅಂದ್ರೆ ಇಷ್ಟ. ನಮ್ಮ ಭಾವನವರು ಕಂಪ್ಯೂಟರ್ ಬಿಟ್ಟು ಬೇರೇನೂ ತಗೋಬೇಡಿ ಅಂತಾರೆ. ಬೆಂಗಳೂರಿನ ಏಜೆಂಟ್ ಒಬ್ಬರು ದಿನಾ ಫೋನ್ ಮಾಡಿ, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸ್ ಕೊಡಿಸ್ತೀನಿ, ಈಗಲೇ ಮುಂಗಡ ಹಾಕಿ ಅಂತಿದ್ದಾರೆ. ನಮ್ಮ ಮನೆಯವರು ಅರ್ಧ ಎಕರೆ ಮಾರುವ ಯೋಚನೆಯಲ್ಲಿದ್ದಾರೆ. ಏನು ಮಾಡೋಣ?
— ಒಬ್ಬ ತಾಯಿ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ತಾಯಿ, ಮೊದಲು ಆ ಏಜೆಂಟ್ ಫೋನ್ ಎತ್ತುವುದನ್ನು ನಿಲ್ಲಿಸಿ. ಹೊಲ ಮಾರುವ ಮಾತು ಸದ್ಯಕ್ಕೆ ಬೇಡವೇ ಬೇಡ. ಕೌನ್ಸೆಲಿಂಗ್ ಇನ್ನೂ ಮುಗಿದಿಲ್ಲ. ಮಗಳಿಗೆ ತನ್ನ ರ‍್ಯಾಂಕಿನ ಮೇಲೆ, ಸರ್ಕಾರ ನಿಗದಿ ಮಾಡಿದ ಶುಲ್ಕದಲ್ಲಿ ಸೀಟು ಸಿಗುವ ದಾರಿ ತೆರೆದೇ ಇದೆ. ರಸೀದಿ ಇಲ್ಲದ ಡೊನೇಷನ್ ಕೇಳುವುದು ನಮ್ಮ ರಾಜ್ಯದಲ್ಲಿ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಮುಂಗಡ ಕೊಟ್ಟವರು ಆಮೇಲೆ ವಾಪಸ್ ಕೇಳಲು ಹೋದರೆ ಫೋನೇ ಎತ್ತದ ಏಜೆಂಟರ ಕಥೆ ಪ್ರತಿ ವರ್ಷ ಕೇಳುತ್ತೇನೆ.

ಇನ್ನು ಬ್ರಾಂಚ್ ವಿಷಯ. ಎಐ-ಎಂಎಲ್ ಅಂದರೆ ಕಂಪ್ಯೂಟರ್ ಸೈನ್ಸ್‌ನದೇ ಒಂದು ಕವಲು. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್, ಇವೆಲ್ಲ ಎರಡರಲ್ಲೂ ಇರುತ್ತವೆ. ಮೇಲೆ ಒಂದಷ್ಟು ಗಣಿತ, ಒಂದಷ್ಟು ಮಷಿನ್ ಲರ್ನಿಂಗ್ ಸೇರುತ್ತದೆ. ಒಳ್ಳೆಯ ವಿಷಯವೇ, ನನ್ನ ತಕರಾರಿಲ್ಲ. ನಾನು ಕೇಳುವುದು ಒಂದೇ: ಅಲ್ಲಿ ಅದನ್ನು ಕಲಿಸುವವರು ಯಾರು?

ಈ ಪ್ರಶ್ನೆಗೆ ಕಾರಣ ಇದೆ. 2024-25ರಿಂದ, ದೇಶದ ತಾಂತ್ರಿಕ ಶಿಕ್ಷಣಕ್ಕೆ ನಿಯಮ ಮಾಡುವ ಎಐಸಿಟಿಇ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆದುಹಾಕಿತು. ಆಮೇಲೆ ಬೇಡಿಕೆ ಇರುವ ಕಂಪ್ಯೂಟರ್ ಬಗೆಯ ಕೋರ್ಸುಗಳಲ್ಲಿ ಸೀಟು ಏರಿಸಿದ ಕಾಲೇಜುಗಳು ಬಹಳ. ಕೊಠಡಿಯನ್ನು ಆರು ತಿಂಗಳಲ್ಲಿ ಕಟ್ಟಬಹುದು. ಮಷಿನ್ ಲರ್ನಿಂಗ್ ಚೆನ್ನಾಗಿ ಬಲ್ಲ, ಪಾಠವನ್ನೂ ಪ್ರೀತಿಯಿಂದ ಮಾಡುವ ಅಧ್ಯಾಪಕರು ಆರು ತಿಂಗಳಲ್ಲಿ ಸಿಗುವುದಿಲ್ಲ. ಅಂಥವರಿಗೆ ಕಂಪನಿಗಳೇ ಜಾಸ್ತಿ ಸಂಬಳ ಕೊಡುತ್ತವೆ ಅಲ್ವಾ?

ಹಾಗಾಗಿ ಒಂದು ಸಣ್ಣ ಲೆಕ್ಕ ಹಾಕಿ. ಎಐಸಿಟಿಇ ಪ್ರಕಾರ 20 ಮಕ್ಕಳಿಗೆ ಒಬ್ಬ ಅಧ್ಯಾಪಕರು ಇರಬೇಕು. ಒಂದು ವಿಭಾಗದಲ್ಲಿ ವರ್ಷಕ್ಕೆ 180 ಸೀಟು ಅಂದುಕೊಳ್ಳಿ. ಎರಡನೇ ವರ್ಷದಿಂದ ಕೊನೇ ವರ್ಷದವರೆಗೆ 540 ಮಕ್ಕಳಾದರು. ಆ ವಿಭಾಗಕ್ಕೆ 27 ಅಧ್ಯಾಪಕರು ಬೇಕು. ಕಾಲೇಜಿನ ವೆಬ್‌ಸೈಟಿನಲ್ಲಿ ವಿಭಾಗದ ಪುಟ ತೆಗೆದು ಎಣಿಸಲು ಮಗಳಿಗೆ ಹೇಳಿ. ಎಷ್ಟು ಜನ ಇದ್ದಾರೆ, ಯಾವ ವರ್ಷ ಸೇರಿದ್ದಾರೆ, ಎರಡನ್ನೂ ನೋಡಲಿ. ಎಲ್ಲರೂ ಹೋದ ವರ್ಷವೇ ಸೇರಿದವರಾಗಿದ್ದರೆ, ಮುಂದಿನ ವರ್ಷ ಅವರಲ್ಲಿ ಎಷ್ಟು ಜನ ಉಳಿದಿರುತ್ತಾರೆ ಎಂದು ಯೋಚಿಸಬೇಕು.

ಎರಡನೆಯದು ನೌಕರಿಯ ಮಾತು. ಹೆದ್ದಾರಿ ಪಕ್ಕದ ಬೋರ್ಡಿನಲ್ಲಿ ಒಂದು ಮಗುವಿನ ಫೋಟೊ, ಕೆಳಗೆ ಅರ್ಧ ಕೋಟಿ ಪ್ಯಾಕೇಜ್ ಎಂದು ಇರುತ್ತದೆ. ಆ ಮಗು ಓದಿ ಗೆದ್ದದ್ದು ನಿಜವೇ ಇರಬಹುದು. ಆದರೆ ನಿಮ್ಮ ಮಗಳ ಜೊತೆ ಕೂರುವ ಉಳಿದವರ ಕಥೆ ಏನು? ಅದು ತಿಳಿಯಲು ಒಂದು ಕಾಗದವಿದೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಬರುತ್ತಿದೆ. ಅದಕ್ಕೆ ಅರ್ಜಿ ಹಾಕಿದ ಕಾಲೇಜುಗಳು ತಾವು ಕೊಟ್ಟ ಅಂಕಿ-ಅಂಶವನ್ನು ತಮ್ಮ ವೆಬ್‌ಸೈಟಿನಲ್ಲೇ ಪಿಡಿಎಫ್ ಮಾಡಿ ಹಾಕುತ್ತವೆ. ಜನ ರ‍್ಯಾಂಕ್ ಮಾತ್ರ ನೋಡುತ್ತಾರೆ. ನಾನು ಆ ಪಿಡಿಎಫ್ ನೋಡಿ ಅನ್ನುತ್ತೇನೆ. ಅದರಲ್ಲಿ ಒಂದು ಸಾಲು ಹೀಗೆ ಹೋಗುತ್ತದೆ: ಆ ವರ್ಷ ಎಷ್ಟು ಮಕ್ಕಳು ಸೇರಿದರು, ಅವರಲ್ಲಿ ನಾಲ್ಕೇ ವರ್ಷಕ್ಕೆ ಪಾಸಾಗಿ ಹೊರಬಂದವರು ಎಷ್ಟು, ಕೆಲಸ ಸಿಕ್ಕವರು ಎಷ್ಟು, ಅವರ ಮೀಡಿಯನ್ ಸಂಬಳ ಎಷ್ಟು, ಮುಂದೆ ಓದಲು ಹೋದವರು ಎಷ್ಟು.

ಮೀಡಿಯನ್ ಅಂದರೆ ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತವರ ಸಂಬಳ. ಬೋರ್ಡಿನ ಮೇಲಿನ ಮಗುವಿನದಲ್ಲ. ಉದಾಹರಣೆಗೆ 600 ಮಕ್ಕಳು ಸೇರಿ, 400 ಮಂದಿ ಸಮಯಕ್ಕೆ ಪಾಸಾಗಿ, 200 ಮಂದಿಗೆ ಕೆಲಸ ಸಿಕ್ಕಿದ್ದರೆ, ಸೇರಿದವರಲ್ಲಿ ಮೂರರಲ್ಲಿ ಒಬ್ಬರಿಗೆ ಸಿಕ್ಕಿತು ಎಂದು ಓದಬೇಕು. ಪಾಸಾದವರನ್ನು ಮಾತ್ರ ಲೆಕ್ಕಕ್ಕೆ ತಗೊಂಡು ಅರ್ಧ ಜನರಿಗೆ ಕೆಲಸ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಈ ಅಂಕಿ ಇಡೀ ಕಾಲೇಜಿನದು, ಬ್ರಾಂಚ್‌ವಾರು ಅಲ್ಲ, ಅದೂ ಕಾಲೇಜೇ ಕೊಟ್ಟದ್ದು. ಆದರೂ ಬೋರ್ಡಿಗಿಂತ ಸಾವಿರ ಪಾಲು ವಾಸಿ.

ಎಲೆಕ್ಟ್ರಾನಿಕ್ಸ್ ತಗೊಂಡರೆ ಸಾಫ್ಟ್‌ವೇರ್ ಕೆಲಸ ಸಿಗಲ್ಲ ಅನ್ನುವ ಭಯವನ್ನು ನಿಮ್ಮ ಭಾವನವರು ಬಿಡಬಹುದು. ಕ್ಯಾಂಪಸ್ಸಿಗೆ ಬರುವ ದೊಡ್ಡ ಐಟಿ ಕಂಪನಿಗಳಲ್ಲಿ ಬಹಳಷ್ಟು ಎಲ್ಲ ಬ್ರಾಂಚಿನವರಿಗೂ ಪರೀಕ್ಷೆ ಕೊಡುತ್ತವೆ. ಅವು ಮೊದಲು ನೋಡುವುದು ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ಇದೆಯಾ, ಪಾಸಾಗದೆ ಉಳಿದ ವಿಷಯ, ಅಂದರೆ ಬ್ಯಾಕ್‌ಲಾಗ್ ಇದೆಯಾ ಎಂದು. ಪ್ರೋಗ್ರಾಮಿಂಗ್ ಚೆನ್ನಾಗಿ ಕಲಿತ ಎಲೆಕ್ಟ್ರಾನಿಕ್ಸ್ ಹುಡುಗಿಗೆ ಆ ಬಾಗಿಲೂ ತೆರೆದಿರುತ್ತದೆ, ಚಿಪ್ ಡಿಸೈನ್, ಎಂಬೆಡೆಡ್ (ಯಂತ್ರಗಳ ಒಳಗೇ ಕೂರುವ ಕಂಪ್ಯೂಟರ್) ಕಡೆಯ ಬಾಗಿಲೂ ತೆರೆದಿರುತ್ತದೆ. ಫಿಸಿಕ್ಸ್ ಇಷ್ಟಪಡುವ ಮಗುವಿಗೆ ಇದು ಹೊಂದುವ ವಿಷಯ.

ಹಾಗಂತ ಕಣ್ಣು ಮುಚ್ಚಿ ದಾವಣಗೆರೆ ಎಂದು ನಾನು ಹೇಳಲಾರೆ. ಅಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಯುಬಿಡಿಟಿ 1951ರಲ್ಲಿ ಶುರುವಾದದ್ದು, ಬಿಐಇಟಿ 1979ರಲ್ಲಿ. ಎರಡಕ್ಕೂ ಹೆಸರಿದೆ. ಆದರೆ ಹಳೇ ಹೆಸರು ಎಂಬುದೊಂದೇ ಸಾಲದು. ಹೋಗಿ ನೋಡಿ. ನಿಮ್ಮೂರಿಂದ ಬೆಳಿಗ್ಗೆ ರೈಲು ಹತ್ತಿ ಸಂಜೆ ವಾಪಸ್ ಬರಬಹುದು. ಕಾಲೇಜಿನವರೇ ಕರೆಯುವ ಓಪನ್ ಡೇ ದಿನ ಹೋಗಬೇಡಿ, ಅವತ್ತು ಎಲ್ಲವೂ ತೊಳೆದು ಒರೆಸಿ ಇರುತ್ತದೆ. ತರಗತಿ ನಡೆಯುವ ಮಾಮೂಲಿ ದಿನ, ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಹೋಗಿ. ಲ್ಯಾಬ್ ನಡೆಯುವ ಹೊತ್ತು ಅದು.

ಎಲೆಕ್ಟ್ರಾನಿಕ್ಸ್ ಲ್ಯಾಬಿನ ಬಾಗಿಲಲ್ಲೇ ಒಂದು ಲಾಗ್ ಬುಕ್ ಇರುತ್ತದೆ. ಯಾವ ಬ್ಯಾಚ್, ಯಾವ ದಿನ, ಎಷ್ಟು ಹೊತ್ತಿಗೆ ಬಂತು ಎಂದು ಬರೆಯುವ ಪುಸ್ತಕ. ಅನುಮತಿ ಕೇಳಿ ತಿರುವಿ ನೋಡಿ. ವಾರ ವಾರ ಬೇರೆ ಬೇರೆ ಕೈಬರಹದಲ್ಲಿ ತುಂಬಿದ್ದರೆ ಸರಿ. ಒಂದೇ ಪೆನ್ನು, ಒಂದೇ ಕೈಬರಹದಲ್ಲಿ ಮೂರು ತಿಂಗಳು ಒಟ್ಟಿಗೆ ಬರೆದಂತಿದ್ದರೆ ಅದು ತಪಾಸಣೆಗೆ ಬರುವವರಿಗಾಗಿ ತುಂಬಿದ್ದು. ಒಳಗೆ ಹೋದರೆ ಆಸಿಲೋಸ್ಕೋಪ್ ನೋಡಿ, ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಸಲಕರಣೆ ಅದು. ನಾವು ಸಿಆರ್‌ಒ ಅನ್ನುತ್ತಿದ್ದೆವು. ಒಂದು ಸಿಆರ್‌ಒ ಸುತ್ತ ಇಬ್ಬರೋ ಮೂವರೋ ಮಕ್ಕಳಿದ್ದರೆ ಎಲ್ಲರ ಕೈಗೂ ಅದು ಸಿಗುತ್ತದೆ. ಏಳೆಂಟು ಜನ ಇದ್ದರೆ ಇಬ್ಬರು ಮಾಡುತ್ತಾರೆ, ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಾರೆ. ಸಿಆರ್‌ಒದ ತಿರುಗಿಸುವ ಗುಬುಟಿನ ಸುತ್ತ ಅಂಕಿಗಳಿರುತ್ತವೆ. ಆ ಅಂಕಿಗಳು ಬೆರಳು ತಾಗಿ ತಾಗಿ ಮಾಸಿದ್ದರೆ ನನಗೆ ಖುಷಿಯಾಗುತ್ತದೆ. ಮಕ್ಕಳು ಅದನ್ನು ನಿಜವಾಗಿ ಬಳಸುತ್ತಿದ್ದಾರೆ ಎಂದರ್ಥ. ಪ್ಲಾಸ್ಟಿಕ್ ಹೊದಿಕೆಯೂ ತೆಗೆಯದ ಹೊಸ ಸಲಕರಣೆ ನೋಡಿ ಮರುಳಾಗಬೇಡಿ.

ಆಮೇಲೆ ಕ್ಯಾಂಟೀನ್ ಕಡೆ ಹೋಗಿ ಮೂರನೇ ವರ್ಷದ ಹೆಣ್ಣುಮಕ್ಕಳ ಹತ್ತಿರ ಮಗಳನ್ನು ಬಿಡಿ, ನೀವು ಸ್ವಲ್ಪ ದೂರ ಕೂತುಕೊಳ್ಳಿ. ಮೊದಲ ವರ್ಷದವರಿಗೆ ಇನ್ನೂ ಗೊತ್ತಿರುವುದಿಲ್ಲ, ಕೊನೇ ವರ್ಷದವರು ಕೆಲಸದ ಆತಂಕದಲ್ಲಿರುತ್ತಾರೆ. ಮೂರನೇ ವರ್ಷದವರು ಇದ್ದದ್ದು ಇದ್ದಂತೆ ಹೇಳುತ್ತಾರೆ. ಹಾಸ್ಟೆಲ್ ಊಟ, ನೀರು, ರಾತ್ರಿ ಎಷ್ಟು ಗಂಟೆವರೆಗೆ ಲೈಬ್ರರಿ, ಯಾವ ಮೇಷ್ಟ್ರು ಡೌಟ್ ಕೇಳಿದರೆ ಬೈಯದೆ ಹೇಳಿಕೊಡುತ್ತಾರೆ, ಎಲ್ಲವನ್ನೂ ಮಗಳು ಕೇಳಲಿ. ಬೆಂಗಳೂರಿನ ಕಾಲೇಜಿಗೂ ಇದೇ ರೀತಿ ಹೋಗಿ ಬನ್ನಿ. ಅಲ್ಲಿ ಇನ್ನೊಂದು ಕೇಳಬೇಕು: ಹಾಸ್ಟೆಲ್ ಕ್ಯಾಂಪಸ್ಸಿನಲ್ಲೇ ಇದೆಯಾ? ಇಲ್ಲದಿದ್ದರೆ ಪಿಜಿ ಬಾಡಿಗೆ, ದಿನಕ್ಕೆ ಎರಡು ಮೂರು ಗಂಟೆ ಬಸ್ಸಿನಲ್ಲಿ ಹೋಗುವ ಸಮಯ, ಎರಡೂ ಶುಲ್ಕದ ಲೆಕ್ಕಕ್ಕೇ ಸೇರಬೇಕು.

ನೀವು ಬರೆದಷ್ಟರಿಂದ ನನ್ನ ಒಲವು ಹೇಳುವುದಾದರೆ, ದಾವಣಗೆರೆಯ ಎಲೆಕ್ಟ್ರಾನಿಕ್ಸ್ ಕಡೆಗೆ. ಮಗಳಿಗೆ ವಿಷಯ ಇಷ್ಟ, ಮನೆ ಹತ್ತಿರ, ಹೊಲ ಉಳಿಯುತ್ತದೆ. ಬೆಂಗಳೂರಿನ ವಿಭಾಗವನ್ನು ಕಣ್ಣಾರೆ ನೋಡಿ ಬಂದು ಅವಳಿಗೇ ಅದು ಹಿಡಿಸಿದರೆ, ಆಗ ಅದನ್ನೇ ಮೇಲೆ ಹಾಕಿ. ಭಾವನವರ ಮಾತಿಗಾಗಿ ಮಾತ್ರ ಬೇಡ.

ಹಣದ ಬಗ್ಗೆ ಇನ್ನೊಂದು. ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆಂದೇ ಇದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ವರ್ಷಕ್ಕೆ 50 ಸಾವಿರ ರೂಪಾಯಿ. ಒಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಸಿಇಟಿ ಮತ್ತು ಸೀಟು ಹಂಚಿಕೆ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ (ಕೆಇಎ) ಎಸ್‌ಎನ್‌ಕ್ಯೂ ಸೀಟು (ನಿಗದಿತ ಸೀಟಿನ ಮೇಲೆ ಹೆಚ್ಚುವರಿಯಾಗಿ ಕೊಡುವ ಸೀಟು) ಎಂದು ಇದೆ, ಅದರಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇರುತ್ತದೆ. ಅದಕ್ಕೆ ವರಮಾನ ಪ್ರಮಾಣಪತ್ರ ಬೇಕು, ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು. ಸಹಿಯಿಲ್ಲದ ಕಾಗದ ಹಿಡಿದು ಕೊನೇ ದಿನ ಓಡಾಡುವ ಪಾಡು ನಿಮಗೆ ಬರಬಾರದು.

ಪ್ರಶ್ನೆ: ವಿಟಿಯು ಕಾಲೇಜು, ಅಟಾನಮಸ್ ಕಾಲೇಜು, ಖಾಸಗಿ ವಿಶ್ವವಿದ್ಯಾಲಯ ಇವುಗಳಲ್ಲಿ ಏನು ವ್ಯತ್ಯಾಸ? ನ್ಯಾಕ್ ಎ ಪ್ಲಸ್ ಇದ್ದರೆ ಸಾಕಾ? ಒಂದು ಕಡೆ ಬಿ.ಇ., ಇನ್ನೊಂದು ಕಡೆ ಬಿ.ಟೆಕ್. ಅಂತಾರೆ, ಯಾವುದಕ್ಕೆ ಬೆಲೆ?
— ಒಬ್ಬ ತಂದೆ, ಮೈಸೂರು

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ. ಬಿ.ಇ. ಆಗಲಿ ಬಿ.ಟೆಕ್. ಆಗಲಿ, ನೌಕರಿಗೂ ಮುಂದಿನ ಓದಿಗೂ ಎರಡೂ ಒಂದೇ. ಈ ಚರ್ಚೆಗೆ ಒಂದು ನಿಮಿಷವೂ ಕೊಡಬೇಡಿ.

ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 1998ರಲ್ಲಿ ಬೆಳಗಾವಿಯಲ್ಲಿ ಶುರುವಾಯಿತು. ಅದರ ಮಾಮೂಲಿ ಸಂಯೋಜಿತ ಕಾಲೇಜಿನಲ್ಲಿ ಪಠ್ಯವೂ ಸೆಮಿಸ್ಟರ್ ಪ್ರಶ್ನೆಪತ್ರಿಕೆಯೂ ವಿಶ್ವವಿದ್ಯಾಲಯದ್ದು. ಅಟಾನಮಸ್ ಕಾಲೇಜಿನಲ್ಲಿ ಪಠ್ಯ, ಪರೀಕ್ಷೆ, ಮೌಲ್ಯಮಾಪನ ಎಲ್ಲ ಕಾಲೇಜೇ ನಡೆಸುತ್ತದೆ, ಪದವಿ ಮಾತ್ರ ವಿಟಿಯು ಕೊಡುತ್ತದೆ. ನಿಮ್ಮ ಊರಿನ ಎನ್‌ಐಇ ಹೀಗೆ ನಡೆಯುವುದು. ಖಾಸಗಿ ವಿಶ್ವವಿದ್ಯಾಲಯದಲ್ಲಿ ಪದವಿಯೂ ಅದರದೇ. ನಿಮ್ಮೂರಿನ ಎಸ್‌ಜೆಸಿಇ ಹಿಂದೆ ವಿಟಿಯು ಕಾಲೇಜಾಗಿತ್ತು, ಈಗ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಭಾಗ. ಹುಬ್ಬಳ್ಳಿಯ ಬಿವಿಬಿ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಬೆಂಗಳೂರಿನ ಯುವಿಸಿಇಗೂ ಈಗ ತನ್ನದೇ ಕಾಯ್ದೆ ಇದೆ.

ಸ್ವಾಯತ್ತತೆ ಒಳ್ಳೆಯ ಕೈಗೆ ಸಿಕ್ಕರೆ ಪಠ್ಯ ಬೇಗ ಹೊಸದಾಗುತ್ತದೆ. ಸಡಿಲ ಕೈಗೆ ಸಿಕ್ಕರೆ ಅಂಕ ಧಾರಾಳವಾಗಿ ಬರುತ್ತದೆ, ವಿದ್ಯೆ ಬರುವುದಿಲ್ಲ. ಹೊರಗಿನ ಪ್ರಶ್ನೆಪತ್ರಿಕೆಗೆ ಹೆದರಿ ಓದುವ ಮಗುವಿಗೆ ಮಾಮೂಲಿ ವಿಟಿಯು ಕಾಲೇಜೇ ವಾಸಿ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ.

ನ್ಯಾಕ್ ಇಡೀ ಸಂಸ್ಥೆಗೆ ಸಿಗುವ ದರ್ಜೆ. ಎನ್‌ಬಿಎ ಒಂದೊಂದು ಕೋರ್ಸಿಗೆ ಸಿಗುವ ಮಾನ್ಯತೆ. ನೀವು ಕೇಳಬೇಕಾದದ್ದು ಎರಡನೆಯದನ್ನು. 'ನಮಗೆ ಎನ್‌ಬಿಎ ಇದೆ' ಎಂದು ಕಾಲೇಜು ಹೇಳಿದರೆ 'ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ?' ಎಂದು ಕೇಳಿ. ಸಿವಿಲ್ ವಿಭಾಗಕ್ಕೆ ಸಿಕ್ಕ ಮಾನ್ಯತೆ ನಿಮ್ಮ ಮಗ ಸೇರುವ ಡೇಟಾ ಸೈನ್ಸ್‌ಗೆ ಆಗಿಬರುವುದಿಲ್ಲ. ಎರಡು ಬ್ಯಾಚ್ ಪಾಸಾಗಿ ಹೊರಬಂದ ಮೇಲಷ್ಟೇ ಒಂದು ಕೋರ್ಸು ಎನ್‌ಬಿಎಗೆ ಅರ್ಜಿ ಹಾಕಬಹುದು. ಹಾಗಾಗಿ ಹೊಸ ಕೋರ್ಸಿಗೆ ಅದು ಇಲ್ಲದಿರುವುದು ದೋಷವಲ್ಲ. ಇಪ್ಪತ್ತು ವರ್ಷದ ವಿಭಾಗಕ್ಕೆ ಇಲ್ಲದಿದ್ದರೆ ಏಕೆ ಎಂದು ಕೇಳುವ ಹಕ್ಕು ನಿಮಗಿದೆ. ಮಗ ಮುಂದೆ ಹೊರದೇಶಕ್ಕೆ ಹೋಗುವ ಆಸೆ ಇಟ್ಟುಕೊಂಡಿದ್ದರೆ ಇನ್ನೂ ಮುಖ್ಯ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದವನ್ನು ಭಾರತ 2014ರಲ್ಲಿ ಸೇರಿದೆ. ಅದರ ಲಾಭ ಎನ್‌ಬಿಎಯ ಟಿಯರ್-1 ಮಾನ್ಯತೆ (ಅಟಾನಮಸ್ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕೊಡುವಂಥದ್ದು) ಇರುವ ಕೋರ್ಸುಗಳಿಗೆ ಸಿಗುತ್ತದೆ.

ಪ್ರಶ್ನೆ: ಸರ್, ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿ ಸೈನ್ಸ್ ಇಂಗ್ಲಿಷಿನಲ್ಲಿ ಕಷ್ಟಪಟ್ಟು ಮುಗಿಸಿದೆ. ಎಂಜಿನಿಯರಿಂಗ್‌ನಲ್ಲಿ ಎಲ್ಲ ಇಂಗ್ಲಿಷ್ ಅಂತ ಭಯ. ದೊಡ್ಡ ಕಾಲೇಜಿಗೆ ಹೋದರೆ ಹಿಂದೆ ಬೀಳ್ತೀನಾ? ಬಿಎಸ್ಸಿ ಸೇರಲಾ?
— ಒಬ್ಬ ವಿದ್ಯಾರ್ಥಿ, ಸಿಂಧನೂರು

ಉತ್ತರ: ನೋಡಪ್ಪ, ಬಿಎಸ್ಸಿ ಇಷ್ಟವಿದ್ದರೆ ಸೇರು. ಭಯಕ್ಕೆ ಸೇರಬೇಡ. ನಿನ್ನಂಥ ಮಕ್ಕಳಿಗೆ ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬರುತ್ತದೆ. ಉತ್ತರ ಗೊತ್ತಿರುತ್ತದೆ, ವಾಕ್ಯ ಬರುವುದಿಲ್ಲ. ಎರಡನೇ ವರ್ಷ ಸರ್ಕ್ಯೂಟ್, ಸಮೀಕರಣ, ಪ್ರೋಗ್ರಾಮ್ ಬಂದ ಮೇಲೆ ಅದೇ ಮಕ್ಕಳು ಮುಂದಿನ ಬೆಂಚಿಗೆ ಬರುತ್ತಾರೆ. ನೋಡಿದ್ದನ್ನೇ ಹೇಳುತ್ತಿದ್ದೇನೆ.

ನಿನಗೆ ಮೂರು ಅನುಕೂಲ ಇವೆ, ಒಂದನ್ನೂ ಬಿಡಬೇಡ. ಒಂದು, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ. ಎರಡು, ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಶೇ 15. ಮೂರು, ನೀನು ರಾಯಚೂರು ಜಿಲ್ಲೆಯವನು, ಸಂವಿಧಾನದ 371-ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ನಿಮ್ಮ ಭಾಗದವರಿಗೆ. ಅದರ ಅರ್ಹತಾ ಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಬರಬೇಕು. ಕೆಇಎ ಕಟಾಫ್ ಪಟ್ಟಿಯಲ್ಲಿ ಜಿಎಂ (ಸಾಮಾನ್ಯ ವರ್ಗ) ಕಾಲಂ ಒಂದನ್ನೇ ನೋಡಿ ಎದೆಗುಂದಬೇಡ. ಪಕ್ಕದಲ್ಲಿ ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. 2ಎಆರ್ ಎಂದಿದ್ದರೆ 2ಎ ಪ್ರವರ್ಗದ ಗ್ರಾಮೀಣ ಸೀಟು. ಕಲ್ಯಾಣ ಕರ್ನಾಟಕದ ಸೀಟುಗಳಿಗೆ ಬೇರೆಯೇ ಕಟಾಫ್ ಇರುತ್ತದೆ. ನಿನಗೆ ಅನ್ವಯಿಸುವ ಕಾಲಂನಲ್ಲಿ ನಿನ್ನ ರ‍್ಯಾಂಕ್ ಇಟ್ಟು ನೋಡು.

ಕಲಬುರಗಿಯ ಪಿಡಿಎ ಕಾಲೇಜು 1958ರದು. ನಿಮ್ಮ ಭಾಗದ್ದೇ ಎಂದು ಅದನ್ನು ಕಡೆಗಣಿಸಬೇಡ, ಹೋಗಿ ನೋಡು. ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲೇ ಅವಕಾಶ ಕೊಟ್ಟಿತು. ನಮ್ಮಲ್ಲಿ ಆ ದಾರಿ ಹಿಡಿದ ಮಕ್ಕಳು ತೀರಾ ಕಡಿಮೆ, ಹಾಗಾಗಿ ಅದನ್ನೇ ಕಾಯುತ್ತಾ ಕೂರಬೇಡ. ಕಾಲೇಜು ಶುರುವಾಗುವವರೆಗೆ ದಿನಕ್ಕೊಂದು ಪುಟ ಇಂಗ್ಲಿಷ್ ಪಠ್ಯ ಗಟ್ಟಿಯಾಗಿ ಓದು. ಓದಿದ್ದನ್ನು ಕನ್ನಡದಲ್ಲಿ ತಮ್ಮನಿಗೋ ಗೆಳೆಯನಿಗೋ ಹೇಳು. ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆ) ಬಾಯಿ ಕಟ್ಟುವುದು ಇದರಿಂದ ಕಡಿಮೆಯಾಗುತ್ತದೆ.

ಪ್ರಶ್ನೆ: ಆಪ್ಷನ್ ಎಂಟ್ರಿಯಲ್ಲಿ 'ಸಿಗುವ' ಕಾಲೇಜನ್ನು ಮೇಲೆ ಹಾಕಬೇಕು, ಇಲ್ಲದಿದ್ದರೆ ಸೀಟೇ ಸಿಗಲ್ಲ ಎಂದು ಸೈಬರ್ ಸೆಂಟರ್‌ನವರು ಹೇಳುತ್ತಾರೆ. ನಿಜವಾ?
— ಒಬ್ಬ ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಇಲ್ಲಮ್ಮ, ಇದು ತಪ್ಪು. ಹೀಗೆ ಹಾಕಿ ಒಳ್ಳೆಯ ಸೀಟು ಕಳೆದುಕೊಂಡವರಿದ್ದಾರೆ. ಕಂಪ್ಯೂಟರ್ ನಿನ್ನ ಸರದಿ ಬಂದಾಗ ಪಟ್ಟಿಯ ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲನೆಯದು ಖಾಲಿ ಇದ್ದರೆ ಅದನ್ನೇ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ ಹೋಗುತ್ತದೆ. ದೊಡ್ಡ ಕಾಲೇಜನ್ನು ಮೇಲೆ ಹಾಕಿದ್ದಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಸುಲಭದ್ದನ್ನು ಮೇಲೆ ಹಾಕಿದರೆ ಮಾತ್ರ, ನಿನಗೆ ಸಿಗಬಹುದಾಗಿದ್ದ ಒಳ್ಳೆಯದನ್ನು ಕಂಪ್ಯೂಟರ್ ನೋಡುವುದೇ ಇಲ್ಲ. ಆದ್ದರಿಂದ ಇಷ್ಟದ ಕ್ರಮದಲ್ಲೇ ಹಾಕು. ಕೆಳಗೆ ನಿನ್ನ ರ‍್ಯಾಂಕಿಗೆ ಖಂಡಿತ ಸಿಗುವಂಥವೂ ಸಾಕಷ್ಟಿರಲಿ. ಆದರೆ ಸಿಕ್ಕರೂ ಸೇರಲಾರೆ ಎನ್ನುವ ಕಾಲೇಜನ್ನು ಎಲ್ಲೂ ಹಾಕಬೇಡ.

ಅಣಕು ಸೀಟು ಹಂಚಿಕೆ ಬಂದಾಗ ಏನು ಸಿಕ್ಕಿದೆ ನೋಡಿ, ಕ್ರಮ ಬದಲಿಸಲು ಅವಕಾಶ ಇರುತ್ತದೆ. ನಿಜವಾದ ಸುತ್ತಿನಲ್ಲಿ ಸಿಕ್ಕ ಸೀಟು ಪರವಾಗಿಲ್ಲ, ಆದರೂ ಮೇಲಿನದಕ್ಕೆ ಕಾಯಬೇಕು ಅನ್ನಿಸಿದರೆ ಚಾಯ್ಸ್-2. ಸಿಕ್ಕಿದ್ದು ಬೇಡವೇ ಬೇಡ, ಮುಂದಿನ ಸುತ್ತು ನೋಡುತ್ತೇನೆ ಅಂದರೆ ಚಾಯ್ಸ್-3. ಚಾಯ್ಸ್-2ರಲ್ಲಿ ಮೇಲಿನದು ಸಿಕ್ಕಿದ ಕೂಡಲೇ ಹಿಂದಿನ ಸೀಟು ತಾನಾಗಿ ರದ್ದಾಗುತ್ತದೆ, ಮತ್ತೆ ಅದನ್ನು ಕೇಳಲು ಬರುವುದಿಲ್ಲ. ಆದ್ದರಿಂದ ಸಿಕ್ಕ ಸೀಟಿಗಿಂತ ನಿಜವಾಗಿ ಹೆಚ್ಚು ಬೇಕಾದವು ಮಾತ್ರ ಪಟ್ಟಿಯ ಮೇಲ್ಭಾಗದಲ್ಲಿ ಉಳಿಯಲಿ. ಶುಲ್ಕ ಯಾವಾಗ ಕಟ್ಟಬೇಕು ಎಂಬುದನ್ನು ಈ ವರ್ಷದ ಕೆಇಎ ಪ್ರಕಟಣೆಯಲ್ಲೇ ಓದು. ಲಾಗಿನ್ ಪಾಸ್‌ವರ್ಡ್ ನಿನ್ನ ಹತ್ತಿರವೇ ಇರಲಿ, ಒಟಿಪಿ ನಿನ್ನ ಮನೆಯವರ ಫೋನಿಗೇ ಬರಲಿ. ಸೈಬರ್ ಸೆಂಟರ್‌ನಲ್ಲೇ ಕೂತು ತುಂಬಿದರೂ, ಕೊನೆಗೆ ಪಟ್ಟಿಯ ಪ್ರಿಂಟ್ ತೆಗೆದು ಕಾಲೇಜ್ ಕೋಡ್, ಕೋರ್ಸ್ ಕೋಡ್ ಒಂದೊಂದನ್ನೂ ನೀನೇ ಬೆರಳಿಟ್ಟು ಓದಿ ಆಮೇಲೆ ಸಬ್‌ಮಿಟ್ ಒತ್ತು.